ಹರಳಿಗಿಂತ ಅಂಟಿನ ಮೇಲೆ ಕಣ್ಣಿಡಿ

ಬಿಸಿಲೇರಿದಂತೆ ಆಪ್ಟಿಕಲ್ ವೋಲ್ಟೇಜ್ ಸೆನ್ಸರ್ (ಹರಳಿನೊಳಗೆ ಹಾಯುವ ಬೆಳಕಿನ ಬದಲಾವಣೆಯಿಂದ ವೋಲ್ಟೇಜ್ ಅಳೆಯುವ ಸಾಧನ) ತಪ್ಪು ತೋರಿಸಿದರೆ ಎಲ್ಲರೂ ಮೊದಲು ದೂರುವುದು ಹರಳನ್ನು. ಆ ತಪ್ಪಿನಲ್ಲಿ ಬಿಸ್ಮತ್ ಜರ್ಮನೇಟ್ ಹರಳಿನ ಪಾಲು ಡಿಗ್ರಿಗೆ ಸುಮಾರು 0.015 ಶೇಕಡಾ ಅಷ್ಟೇ. 40 ಡಿಗ್ರಿ ಏರಿದರೆ 0.6 ಶೇಕಡಾ. ಮೀಟರಿಂಗಿನ 0.2 ಕ್ಲಾಸಿಗೆ (ತಪ್ಪು 0.2 ಶೇಕಡಾ ಮೀರಬಾರದು) ಅದೂ ಹೆಚ್ಚೇ, ಆದರೆ ಪಕ್ಕದಲ್ಲೊಂದು ಫೈಬರ್ ಟೆಂಪರೇಚರ್ ಸೆನ್ಸರ್ ಇಟ್ಟರೆ ಲೆಕ್ಕದಲ್ಲಿ ಸರಿಪಡಿಸಬಹುದು.

ಲೆಕ್ಕಕ್ಕೆ ಸಿಗದೆ ಕಾಡುವುದು ಹರಳಿನ ಮೇಲೆ ಬೀಳುವ ಒತ್ತಡ. ಹರಳನ್ನು ಕೂರಿಸುವ ಹಿತ್ತಾಳೆ ಬಿಸಿಗೆ ಈ ಹರಳಿಗಿಂತ ಎರಡು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಗಟ್ಟಿ ಎಪಾಕ್ಸಿ ಹಾಕಿ ನಾಲ್ಕೂ ಬದಿ ಬಿಗಿದರೆ ಹರಳಲ್ಲಿ ಇಲ್ಲದ ದ್ವಿವಕ್ರೀಭವನ (ಬೆಳಕಿನ ಎರಡು ಕಂಪನಗಳು ಬೇರೆ ಬೇರೆ ವೇಗದಲ್ಲಿ ಹಾಯುವುದು) ಹುಟ್ಟುತ್ತದೆ. ಅದೇ ತಾಪಮಾನಕ್ಕೆ ಬೆಳಿಗ್ಗೆ ಒಂದು ರೀಡಿಂಗ್, ಸಂಜೆ ಇನ್ನೊಂದು. ಒಂದೇ ಬದಿಗೆ ಮೆದು ಸಿಲಿಕೋನ್ ತೆಳುವಾಗಿ ಹಚ್ಚಿ, ಉಳಿದ ಬದಿಗಳನ್ನು ಸಡಿಲ ಬಿಡಿ. ಇಷ್ಟು ನಾಜೂಕಾದ ಅಳತೆ ಒಂದು ಹನಿ ಅಂಟಿನ ಮೇಲೆ ನಿಂತಿದೆ ಅನ್ನುವುದು ಇವತ್ತು ಯಾಕೋ ತಲೆಯಲ್ಲೇ ಉಳಿದಿದೆ.

ಬೆಳಕಿನ ಒಂದು ಕಂಪನವನ್ನು ಇನ್ನೊಂದಕ್ಕಿಂತ ಕಾಲು ಅಲೆಯಷ್ಟು ಹಿಂದಿಡುವ ಕ್ವಾರ್ಟರ್ ವೇವ್ ಪ್ಲೇಟ್ ಝೀರೋ ಆರ್ಡರಿನದೇ (ಬರೀ ಕಾಲು ಅಲೆಯದು) ಇರಲಿ. ಮಲ್ಟಿ ಆರ್ಡರ್ (ಕಾಲಿನ ಜೊತೆ ಪೂರ್ತಿ ಅಲೆಗಳೂ ಸೇರಿದ್ದು) ಅಗ್ಗ, ಆದರೆ ಬಿಸಿಗೆ ಬಹಳ ಜರುಗುತ್ತದೆ. ಹೊರಬರುವ ಬೆಳಕನ್ನು ಎರಡು ಚಾನೆಲ್ ಆಗಿ ಒಡೆದು ಅಳೆಯುತ್ತಾರೆ; ಪ್ರತಿ ಚಾನೆಲ್‌ನ ಎಸಿಯನ್ನು (ಏರಿಳಿಯುವ ಭಾಗ) ಅದರದೇ ಡಿಸಿಯಿಂದ (ಸ್ಥಿರ ಭಾಗ) ಭಾಗಿಸಿ, ಆಮೇಲೆ ಒಂದರಿಂದ ಇನ್ನೊಂದನ್ನು ಕಳೆಯಿರಿ: ಎಲ್‌ಇಡಿ ಮಂಕಾದದ್ದು, ಫೈಬರ್ ನಷ್ಟ, ಪ್ಲೇಟಿನ ಸಣ್ಣ ಜರುಗು ಮೂರೂ ಬಹುಪಾಲು ಹೋಗುತ್ತವೆ.