ಬಿಸ್ಕೆಟ್ ಡಬ್ಬದ ಕರಪತ್ರಗಳು: ಮಾರ್ಚಿನಿಂದ ಸೆಪ್ಟೆಂಬರಿನ ತನಕ

ಮಾರ್ಚ್ 2025

ಮಂಗಳೂರು ಮಹಾನಗರ ಪಾಲಿಕೆಯ ಐದು ವರ್ಷದ ಅವಧಿ ಫೆಬ್ರವರಿಯಲ್ಲಿ ಮುಗಿಯಿತು. ಇನ್ನು ಇವತ್ತಲ್ಲ ನಾಳೆ ಕರಪತ್ರದ ಕೆಲಸ ಬರಬಹುದು ಅಂತ ಅಂಗಡಿಯ ಅಟ್ಟ ಖಾಲಿ ಮಾಡಲು ಹತ್ತಿದೆ. ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಸಣ್ಣ ಡಿಟಿಪಿ ಅಂಗಡಿ ನನ್ನದು. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಉತ್ತರಕ್ರಿಯೆಯ ಕಾರ್ಡು, ನಡುವೆ ಚುನಾವಣೆ. ಅಟ್ಟದಲ್ಲಿ ಸಿಕ್ಕಿದ್ದು ತುಕ್ಕು ಹಿಡಿದ ತಗಡಿನ ಬಿಸ್ಕೆಟ್ ಡಬ್ಬ. ಕಂಪೋಸ್ ಮಾಡಿದ ಪ್ರತಿ ಕರಪತ್ರದ್ದೂ ಒಂದು ಪ್ರತಿ ಅದಕ್ಕೆ ಹಾಕುವ ಅಭ್ಯಾಸ ನನಗಿತ್ತು. ಹಾಕಿದ್ದು ನೆನಪಿತ್ತು, ತೆಗೆದು ನೋಡಿದ್ದೇ ಇಲ್ಲ.

ಎಣಿಸಿದೆ. 143. ಎಲ್ಲ ಪಕ್ಷದವೂ ಉಂಟು, ಪಕ್ಷೇತರರದ್ದೂ ಉಂಟು. ದುಡ್ಡು ಕೊಟ್ಟವರಿಗೆಲ್ಲ ನಾನು ಮಾಡಿಕೊಟ್ಟಿದ್ದೇನೆ. ಕೊಡದವರಿಗೂ ಮಾಡಿಕೊಟ್ಟಿದ್ದೇನೆ, ಅದು ಬೇರೆ ಕತೆ. ಇವನ್ನು ವರ್ಷವಾರು ಜೋಡಿಸಿ, ನಮ್ಮ ವಾರ್ಡಿಗೆ ಯಾರು ಎಂತ ಮಾತು ಕೊಟ್ಟಿದ್ದರು ಅಂತ ಒಂದು ಪಟ್ಟಿ ಮಾಡುವ ಅಂತ ಮನಸ್ಸಾಯಿತು. ಹೆಂಡತಿ ಕೇಳಿದಳು, "ನಿಮಗೆ ಬೇರೆ ಕೆಲಸ ಇಲ್ವಾ?" ಆ ವಾರ ನಿಜವಾಗಿಯೂ ಇರಲಿಲ್ಲ.

ಏಪ್ರಿಲ್

ಮೊದಲ ಪೆಟ್ಟು ತೇವದಿಂದ ಬಿತ್ತು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಕಾಗದವನ್ನು ತಗಡಿನ ಡಬ್ಬದಲ್ಲಿ ಮುಚ್ಚಿಡಬಾರದು ಅಂತ ಇಪ್ಪತ್ತು ವರ್ಷ ಕಾಗದದ ವ್ಯಾಪಾರ ಮಾಡಿದವನಿಗೆ ಗೊತ್ತಿರಬೇಕಿತ್ತು. ದುಬಾರಿ ಆರ್ಟ್ ಪೇಪರಿನ ಮಲ್ಟಿಕಲರ್ ಕರಪತ್ರಗಳು ಒಂದಕ್ಕೊಂದು ಅಂಟಿ ಹಲಗೆಯ ಹಾಗಾಗಿದ್ದವು. ಅದರ ಮೇಲಿನ ನುಣುಪು ಲೇಪಕ್ಕೆ ತೇವ ತಾಗಿದರೆ ಅದೇ ಅಂಟು. ಬಿಡಿಸಲು ಹೋದರೆ ಒಬ್ಬ ಅಭ್ಯರ್ಥಿಯ ಮೀಸೆ ಇನ್ನೊಬ್ಬನ ಮುಖಕ್ಕೆ ಹೋಗುತ್ತದೆ. 31 ಹಾಗೆ ಹೋದವು. ಕಡಿಮೆ ದುಡ್ಡಿನ ನ್ಯೂಸ್‌ಪ್ರಿಂಟಿನಲ್ಲಿ ಒಂದೇ ಬಣ್ಣದಲ್ಲಿ ಹೊಡೆದವು ಹಳದಿಯಾಗಿವೆ, ಅಂಚು ಪುಡಿಯಾಗಿದೆ, ಆದರೆ ಒಂದೊಂದೂ ಬಿಡಿಬಿಡಿಯಾಗಿ ಬಂತು.

ವರ್ಷ ಹಿಡಿಯುವುದು ಅಷ್ಟು ಕಷ್ಟವಾಗಲಿಲ್ಲ. ವಿಧಾನಸಭೆ, ಲೋಕಸಭೆಯ ಕರಪತ್ರಗಳಲ್ಲಿ ಮುದ್ರಕರ, ಪ್ರಕಾಶಕರ ಹೆಸರು ವಿಳಾಸ ಇರಲೇಬೇಕು; ಜನಪ್ರತಿನಿಧಿ ಕಾಯ್ದೆಯ 127ಎ ಕಲಮು. ಕೆಳಗೆ ಇರುವೆ ಸಾಲಿನ ಹಾಗೆ ಇರುತ್ತದಲ್ಲ, ಅದು. ಯಾರೂ ಓದದ ಆ ಸಾಲೇ ನನಗೆ ದಾರಿ ತೋರಿಸಿತು. ಮುಖ ನೋಡಿಯೂ ಕೆಲವು ಗೊತ್ತಾಯಿತು. ಬಿಜೆಪಿಯ ಯೋಗೀಶ್ ಭಟ್ಟರ ಚಿತ್ರ ಇದ್ದರೆ 2013 ಅಥವಾ ಹಿಂದಿನದು, ಆ ವರ್ಷ ವಿಧಾನಸಭೆಗೆ ಕಾಂಗ್ರೆಸ್ಸಿನ ಜೆ.ಆರ್. ಲೋಬೋ ಗೆದ್ದರು. ಬಿಜೆಪಿಯ ವೇದವ್ಯಾಸ ಕಾಮತರು ಮತ್ತು ಲೋಬೋ ಎದುರುಬದುರಾದದ್ದು 2018ರಲ್ಲಿ, 2023ರಲ್ಲಿ ಪುನಃ ಅದೇ ಜೋಡಿ. ಆದರೆ ನನಗೆ ಬೇಕಾದದ್ದು ಪಾಲಿಕೆಯವು: 2013ರ ಮಾರ್ಚ್, 2019ರ ನವೆಂಬರ್. ಒಟ್ಟು 64 ಸಿಕ್ಕಿದವು.

ಮೇ

ಕಾಗದ ಹರಿದಲ್ಲಿ ಕಂಪ್ಯೂಟರಿನ ಹಳೆಯ ಫೈಲು ನೋಡುವ ಅಂದರೆ ಅದೂ ಅರ್ಧ. 2018ರ ಮೇ 29ರ ಮಳೆ ಊರಿನಲ್ಲಿ ಯಾರೂ ಮರೆತಿರಲಿಕ್ಕಿಲ್ಲ. ವಿಧಾನಸಭೆಯ ಮತದಾನ ಆಗಿ ಹದಿನೇಳು ದಿನ. ಅಂಗಡಿಯಲ್ಲಿ ಮೊಣಕಾಲಿನ ತನಕ ನೀರು, ಸಿಪಿಯು ನೆಲದಲ್ಲಿ. ಅದಕ್ಕಿಂತ ಹಿಂದಿನದು ಯಾವುದೂ ಉಳಿಯಲಿಲ್ಲ. 2019ರದ್ದು ಉಂಟು, ಆದರೆ ಪೇಜ್‌ಮೇಕರಿನಲ್ಲಿ, ಹಳೆಯ ನುಡಿ ಅಕ್ಷರದಲ್ಲಿ. ಈಗಿನ ಯಂತ್ರದಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರದ ಚಿತ್ತಾರ. ಯುನಿಕೋಡಿಗೆ ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತು ಎಲ್ಲ ಎಲ್ಲಿಗೋ ಹಾರಿದವು. ಸಂಜೆಗೆ ಎರಡು ಗಂಟೆಯ ಹಾಗೆ ಮೂರು ವಾರ ಕೂತು ಸರಿ ಮಾಡಿದೆ. 1843ರಲ್ಲಿ ಇದೇ ಊರಿನಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆಯನ್ನು ಕಲ್ಲಚ್ಚಿನಲ್ಲಿ ಹೊಡೆದಿದ್ದರು. ಅದನ್ನು ಈಗಲೂ ಓದಬಹುದು. ನನ್ನ ಆರು ವರ್ಷ ಹಳೆಯ ಫೈಲು ಓದಲಿಕ್ಕಾಗುವುದಿಲ್ಲ.

ಸರಿ ಮಾಡುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಎದುರಾಳಿಗಳಾಗಿ ನಿಂತ ಇಬ್ಬರ ಕರಪತ್ರದಲ್ಲಿ ಐದನೇ ಸಾಲು ಅಕ್ಷರಕ್ಕೆ ಅಕ್ಷರ ಒಂದೇ: "ಒಳಚರಂಡಿ ವ್ಯವಸ್ಥೆಯ ಸಮಗ್ರ ಸುಧಾರಣೆ ಹಾಗೂ ವಾರ್ಡಿನ ಸರ್ವತೋಮುಖ ಅಭಿವೃದ್ದಿ." 'ಅಭಿವೃದ್ದಿ'ಯ ಕಾಗುಣಿತದ ತಪ್ಪೂ ಎರಡರಲ್ಲೂ ಉಂಟು. ಯಾರಿಂದ ಯಾರು ಕದ್ದದ್ದು ಅಂತ ನಗಾಡುತ್ತ ಇನ್ನಷ್ಟು ತೆಗೆದೆ. 64ರಲ್ಲಿ 51ರಲ್ಲಿ 'ಸಮಗ್ರ' ಅಥವಾ 'ಸರ್ವತೋಮುಖ' ಉಂಟು. ತಪ್ಪು ಕಾಗುಣಿತ 23ರಲ್ಲಿ.

ಕದ್ದದ್ದು ಯಾರೂ ಅಲ್ಲ ಮಾರಾಯ್ರೆ, ನಾನೇ. ಹಳೆಯ ಫೈಲು ತೆರೆದು ಚಿತ್ರ, ಹೆಸರು, ಚಿಹ್ನೆ ಬದಲಿಸಿ ಉಳಿದದ್ದನ್ನು ಹಾಗೇ ಬಿಟ್ಟಿದ್ದೇನೆ. ನಾಮಪತ್ರ ವಾಪಸಾತಿ ಮುಗಿದ ಮೇಲೆ ಚಿಹ್ನೆ ಸಿಕ್ಕಿ, ಎಲ್ಲರೂ ಒಂದೇ ದಿನ ಬಂದು "ನಾಳೆ ಬೆಳಿಗ್ಗೆಗೆ ಬೇಕು" ಅಂದರೆ ಇನ್ನೆಂತ ಮಾಡುವುದು?

ಜೂನ್

ಈ ಸಲ ಮಳೆ ಮೇ ಕೊನೆಗೇ ಇಳಿಯಿತು. ಅಂಗಡಿಗೆ ಜನ ಕಡಿಮೆ. ನನ್ನ ಆರ್ಡರ್ ಪುಸ್ತಕಗಳನ್ನು ಹುಡುಕಿದೆ. ಹೆಚ್ಚಿನವರು ಮ್ಯಾಟರ್ ಬರೆದು ತರುವುದಿಲ್ಲ. ಸ್ಟೂಲಿನಲ್ಲಿ ಕೂತು ತುಳುವಿನಲ್ಲಿ ಹೇಳುತ್ತಾರೆ, ಕೆಲವರು ಕೊಂಕಣಿಯಲ್ಲಿ, ಬ್ಯಾರಿಯಲ್ಲಿ. ನಾನು ಉದ್ದ ಪುಸ್ತಕದಲ್ಲಿ ಗೀಚಿಕೊಂಡು ಆಮೇಲೆ "ಕನ್ನಡ" ಮಾಡುತ್ತೇನೆ. 2019ರ ಪುಸ್ತಕ ಸಿಕ್ಕಿತು.

ಕರಪತ್ರದಲ್ಲಿ "ಒಳಚರಂಡಿ ವ್ಯವಸ್ಥೆಯ ಸಮಗ್ರ ಸುಧಾರಣೆ" ಅಂತ ಇದ್ದದ್ದು ನನ್ನ ಪುಸ್ತಕದಲ್ಲಿ ಹೀಗಿದೆ: "ಅಕ್ಕಿ ಗಿರಣಿ ಹಿಂದೆ ತೋಡಿನ ಚಪ್ಪಡಿ ಎರಡು ಪೊಡಿ ಆತ್ಂಡ್. ಬರ್ಸ ಬತ್ತ್ಂಡ ಇಲ್ಲದ ಉಲಯಿ ನೀರ್." ತೋಡು ಅಂದರೆ ನೀರು ಹರಿಯುವ ಕಾಲುವೆ; ಅದರ ಚಪ್ಪಡಿ ಎರಡು ಪುಡಿಯಾಗಿದೆ, ಮಳೆ ಬಂದರೆ ಮನೆಯೊಳಗೆ ನೀರು. "ಶುದ್ಧ ಕುಡಿಯುವ ನೀರಿನ ನಿರಂತರ ಪೂರೈಕೆ" ಅಂತ ನಾನು ಹೊಡೆದದ್ದಕ್ಕೆ ಮೂಲ: "ಏರು ಓಣಿಯ ಕೊನೆ ನಾಲ್ಕು ಮನೆಗೆ ಪ್ರೆಷರ್ ಇಲ್ಲ, ರಾತ್ರಿ ಒಂದು ಗಂಟೆಗೆ ಎದ್ದು ಹಿಡಿಯುದು." ಆ ವರ್ಷದ ಬೇಸಗೆಯಲ್ಲಿ ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದು ಊರಿಗೆಲ್ಲ ರೇಷನ್ ಆಗಿತ್ತು. ಆಗಸ್ಟಿನಲ್ಲಿ ಪಚ್ಚನಾಡಿಯ ಕಸದ ಗುಡ್ಡ ಜರಿದು ಮಂದಾರ ಅನ್ನುವ ಜಾಗದ ತೋಟ, ಮನೆಗಳ ಮೇಲೆ ಹೋಗಿತ್ತು. ನವೆಂಬರಿನ ಕರಪತ್ರದಲ್ಲಿ ನಾನು ಎಂತ ಹೊಡೆದಿದ್ದೇನೆ? "ವೈಜ್ಞಾನಿಕ ಕಸ ವಿಲೇವಾರಿ." ಮಂದಾರದ ಹೆಸರು ಒಂದರಲ್ಲೂ ಇಲ್ಲ.

ಓಣಿಯ, ಜಾಗದ ಹೆಸರು ಇರುವುದು 64ರಲ್ಲಿ ಒಂಬತ್ತರಲ್ಲಿ ಮಾತ್ರ. ಆ ಒಂಬತ್ತೂ ಕೈಬರಹದಲ್ಲಿ ಬರೆದು ತಂದು, "ಇದರಲ್ಲಿ ಒಂದಕ್ಷರ ಬದಲಿಸಬೇಡಿ" ಅಂತ ಕೂತವರದ್ದು. ಅವರಲ್ಲಿ ಎಷ್ಟು ಜನ ಗೆದ್ದರು ಅಂತ ಲೆಕ್ಕ ಹಾಕಲಿಲ್ಲ. 2019ರಲ್ಲಿ 60 ವಾರ್ಡಿನಲ್ಲಿ ಬಿಜೆಪಿಗೆ 44, ಕಾಂಗ್ರೆಸ್ಸಿಗೆ 14, ಎಸ್‌ಡಿಪಿಐಗೆ 2. ಅದಕ್ಕೆ ಹಿಂದಿನ ಸಲ ಕಾಂಗ್ರೆಸ್ಸಿಗೇ 35 ಇತ್ತು. ಅಷ್ಟು ದೊಡ್ಡ ಗಾಳಿಗೆ ಚಪ್ಪಡಿಯ ಸಾಲು ಎಲ್ಲಿ ತೂಗುತ್ತದೆ.

ಹಾಗಾಗಿ ಕೆಲಸದ ದಿಕ್ಕು ಬದಲಿಸಿದೆ. ಕರಪತ್ರದ ಪಟ್ಟಿ ಬಿಟ್ಟು ಆರ್ಡರ್ ಪುಸ್ತಕದ ಪಟ್ಟಿ ಹಿಡಿದೆ. ನಮ್ಮ ವಾರ್ಡಿನದ್ದು 38 ದೂರು ಸಿಕ್ಕಿತು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಓಣಿಗಳನ್ನು ಬರೆದು ಗುರುತು ಹಾಕಿದೆ. ಅಳತೆ ಸರಿ ಇಲ್ಲ, ನಮ್ಮ ಅಂಗಡಿ ಚರ್ಚಿಗಿಂತ ದೊಡ್ಡದಾಗಿದೆ.

ಜುಲೈ, ಆಗಸ್ಟ್

ತುಳುವರ ಆಟಿ ತಿಂಗಳಿನಲ್ಲಿ ಮದುವೆ ಇಲ್ಲ, ಹಾಗಾಗಿ ಮದುವೆ ಕಾಗದವೂ ಇಲ್ಲ. ಭಾನುವಾರ ಬೆಳಿಗ್ಗೆ ಕೊಡೆ ಹಿಡಿದು ಒಂದೊಂದೇ ಗುರುತಿಗೆ ಹೋದೆ. ಮಳೆಯಲ್ಲಿ ಹೋದದ್ದೇ ಒಳ್ಳೆಯದಾಯಿತು, ನೀರು ಎಲ್ಲಿ ನಿಲ್ಲುತ್ತದೆ ಅಂತ ಯಾರನ್ನೂ ಕೇಳಬೇಕಾಗಲಿಲ್ಲ. ಇಷ್ಟರ ತನಕ 22 ನೋಡಿದ್ದೇನೆ. ಒಂಬತ್ತು ಸರಿಯಾಗಿದೆ, ಅದನ್ನು ಹೇಳಲೇಬೇಕು. ಬೀದಿ ದೀಪದ್ದೆಲ್ಲ ಮುಗಿದಿದೆ. ಏಳು ಇದ್ದ ಹಾಗೇ ಉಂಟು. ಉಳಿದ ಆರು ವಿಚಿತ್ರ: ಕೆಲಸ ಆಗಿದೆ, ತೊಂದರೆ ಜಾಗ ಬದಲಿಸಿದೆ.

ಉದಾಹರಣೆಗೆ ಏರು ಓಣಿಯ ಕೆಳಗಿನ ಮನೆ. "ಓಣಿಗೆ ಕಾಂಕ್ರೀಟು ಬೇಕು" ಅಂತ ಬರೆಸಿದ್ದರು. ಬಂತು. ಹಳೆಯ ಡಾಮರಿನ ಮೇಲೆಯೇ ಹಾಕಿದ್ದಾರೆ, ರಸ್ತೆ ಎತ್ತರವಾಯಿತು. ಅಲ್ಲಿನ ಅಜ್ಜಿ ತೋರಿಸಿದರು: ಮೊದಲು ರಸ್ತೆಯಿಂದ ಮನೆಗೆ ಮೂರು ಮೆಟ್ಟಿಲು ಹತ್ತುವುದು, ಈಗ ಒಂದು ಮೆಟ್ಟಿಲು ಇಳಿಯುವುದು. ಗುಡ್ಡದಿಂದ ಬಂದ ನೀರು ಮಣ್ಣಿಗೆ ಇಂಗದೆ ನೇರ ಅಂಗಳಕ್ಕೆ. "ಎಂಚ ಉಲ್ಲರ್", ಹೇಗಿದ್ದೀರಿ, ಅಂತ ಮಾತು ಸುರು ಮಾಡಿದರೆ ಒಂದು ಗಂಟೆ ಬಿಡಲಿಲ್ಲ. ಇಲ್ಲೆಲ್ಲ ಮೊದಲು ಗದ್ದೆ ಇತ್ತಂತೆ. ಕೊಡಿಯಾಲಬೈಲಿನ ಹೆಸರಿನಲ್ಲೇ ಬೈಲು ಉಂಟಲ್ಲ. ಕದ್ರಿ, ಬಿಜೈಯ ಎತ್ತರದಿಂದ ಇಳಿದ ನೀರಿಗೆ ನಿಲ್ಲಲು ಇದ್ದದ್ದೇ ಗದ್ದೆ. ಗದ್ದೆ ಫ್ಲ್ಯಾಟ್ ಆಯಿತು, ತೋಡು ಸಪೂರವಾಯಿತು. ಅಜ್ಜಿಗೆ ಇದು ಯಾವ ಪಕ್ಷ ಮಾಡಿದ್ದು ಅಂತ ಕೇಳುವ ಉಮೇದು ಇಲ್ಲ. ಪಂಪು ಯಾರು ತರುತ್ತಾರೆ ಅಂತ ಮಾತ್ರ ಗೊತ್ತಾಗಬೇಕು.

ಆಗಸ್ಟಿನಲ್ಲಿ ಜ್ವರ ಬಂದು ಈ ತಿರುಗಾಟ ಎರಡು ವಾರ ನಿಂತಿತು. ಆಮೇಲೆ ಮೊಸರು ಕುಡಿಕೆ, ಗಣೇಶೋತ್ಸವದ ಕೆಲಸ.

ಸೆಪ್ಟೆಂಬರ್

16 ಗುರುತು ಬಾಕಿ. ಉಳಿದ ಕರಪತ್ರಗಳನ್ನು ಪ್ಲಾಸ್ಟಿಕ್ ಕವರಿನ ಫೈಲಿಗೆ ಹಾಕಿ, ನಡುವೆ ತೇವ ಹೀರುವ ಪುಡಿಯ ಪೊಟ್ಟಣ ಇಟ್ಟಿದ್ದೇನೆ. ಲ್ಯಾಮಿನೇಶನ್ ಮಾಡಬೇಡಿ, ಒಂದಕ್ಕೆ ಮಾಡಿ ನೋಡಿದೆ, ಬಿಸಿಗೆ ಗುಳ್ಳೆ ಎದ್ದು ಕೆಟ್ಟಿತು.

ಮೊನ್ನೆ ಒಬ್ಬ ಹುಡುಗ ಬಂದಿದ್ದ. ಟಿಕೆಟ್ ಸಿಗುವ ಅಂದಾಜು ಉಂಟಂತೆ. ಚುನಾವಣೆ ಯಾವಾಗ ಅಂತ ಅವನಿಗೂ ಗೊತ್ತಿಲ್ಲ, ಸಾವಿರಕ್ಕೆ ರೇಟು ಕೇಳಲು ಬಂದದ್ದು. ಸ್ಟೂಲು ಕೊಟ್ಟು ಮ್ಯಾಟರ್ ಕೇಳಿದೆ. ಅಕ್ಕಿ ಗಿರಣಿಯ ಹಿಂದಿನ ಚಪ್ಪಡಿಯಿಂದಲೇ ಸುರು ಮಾಡಿದ. ಅದು ನನ್ನ ಕ್ಯಾಲೆಂಡರಿನಲ್ಲಿ ಹನ್ನೊಂದನೇ ಗುರುತು. ಈ ಸಲ ಅವನು ಹೇಳಿದ ಹಾಗೆಯೇ ಹೊಡೆದು, ಓಣಿ, ಮನೆಯ ಲೆಕ್ಕ ಸಮೇತ ಪ್ರೂಫ್ ತೋರಿಸಿದೆ. ಎರಡು ಸಲ ಓದಿದ. ಖುಷಿಯಾದ ಹಾಗೆ ಕಂಡಿತು.

"ಚಂದ ಉಂಟು ಅಣ್ಣ. ಆದ್ರೆ ಕೆಳಗೆ ಆ ಸರ್ವತೋಮುಖದ್ದು ಒಂದು ಸಾಲು ಹಾಕಿ. ಇಲ್ಲದಿದ್ರೆ ಖಾಲಿ ಖಾಲಿ ಕಾಣ್ತದೆ."

ಹಾಕಿದೆ. 'ದ್ಧಿ'ಗೆ ಒತ್ತು ಸರಿ ಮಾಡಿ ಹಾಕಿದೆ.