ಪೈಪಿನ ಆ ತುದಿಯಲ್ಲಿ ಯಾರಿದ್ದಾರೆ?

ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ವಿಕಿರಣ ಸುರಕ್ಷತೆ ನೋಡಿಕೊಳ್ಳುವುದು ನನ್ನ ಕೆಲಸ. ಥೈರಾಯ್ಡ್ ಕ್ಯಾನ್ಸರ್‌ಗೆ ಆಪರೇಷನ್ ಆದ ಕೆಲವರಿಗೆ ಅಯೋಡಿನ್-131 ಎಂಬ ವಿಕಿರಣ ಸೂಸುವ ಔಷಧ ಕೊಡುತ್ತೇವೆ. ಅದರ ಬಹುಪಾಲು ಎರಡು ದಿನದಲ್ಲೇ ಮೂತ್ರದಲ್ಲಿ ಹೊರಗೆ ಬರುತ್ತದೆ. ಹಾಗಾಗಿ ಆ ವಾರ್ಡಿನ ಶೌಚಾಲಯದ ನೀರು ಹಿತ್ತಲಿನ ಎರಡು ಟ್ಯಾಂಕ್‌ಗೆ ಹೋಗುತ್ತದೆ. ಒಂದು ತುಂಬುವಾಗ ಇನ್ನೊಂದರ ವಾಲ್ವ್ ಬಂದ್ ಮಾಡಿ ಸುಮ್ನೆ ಬಿಟ್ಟಿರುತ್ತೇವೆ. ಅದರ ವಿಕಿರಣ ತಾನಾಗೇ ಕಡಿಮೆಯಾಗುತ್ತದೆ: ಎಂಟು ದಿನಕ್ಕೆ ಅರ್ಧ, ಇನ್ನೆಂಟು ದಿನಕ್ಕೆ ಕಾಲು. 80 ದಿನ ಕಾದರೆ ಸಾವಿರದಲ್ಲಿ ಒಂದು ಪಾಲು ಉಳಿದಿರುತ್ತದೆ, 40ಕ್ಕೇ ಬಿಟ್ಟರೆ 32ರಲ್ಲಿ ಒಂದು ಪಾಲು.

ಒಂದು ಬೇಸಿಗೆಯಲ್ಲಿ ಎರಡನೇ ಟ್ಯಾಂಕ್ ತುಂಬುತ್ತಾ ಬಂತು, ಮೊದಲನೆಯದನ್ನು ಬಂದ್ ಮಾಡಿ ಇನ್ನೂ 40 ದಿನ ಆಗಿತ್ತಷ್ಟೇ. ನಾನು ಲೆಕ್ಕ ಹಾಕಿದೆ: ಇಡೀ ಆಸ್ಪತ್ರೆಯ ಕೊಳಚೆ ನೀರಿನ ಜೊತೆ ಬೆರೆತರೆ ಮಿತಿಯೊಳಗೇ ಬರುತ್ತದೆ, ಬಿಡಬಹುದು. ಹಿರಿಯರೊಬ್ಬರಿಗೆ ಹಾಳೆ ತೋರಿಸಿದೆ. ಅವರು ಅಂಕಿ ನೋಡಲೇ ಇಲ್ಲ. "ಈ ನೀರು ಮೊದಲು ಯಾರ ಕೈಗೆ ತಾಗುತ್ತೆ ಹೇಳಪ್ಪ" ಅಂದರು.

ಕಾಂಪೌಂಡ್ ಪಕ್ಕದ ಚೇಂಬರ್ ಹತ್ತಿರ ಕರೆದುಕೊಂಡು ಹೋದರು. ಟ್ಯಾಂಕಿನ ಪೈಪು ಬಂದು ಬೀಳುವುದು ಅಲ್ಲಿಗೆ. ಉಳಿದ ನೀರು ಸೇರುವುದು ಅದರ ಮುಂದಿನ ಚೇಂಬರ್‌ನಲ್ಲಿ! ಕಟ್ಟಿಕೊಂಡಾಗ ಬಿದಿರಿನ ದಬ್ಬೆ ಹಾಕಿ, ಅದಕ್ಕೂ ಬಗ್ಗದಿದ್ದರೆ ಮೊಣಕೈವರೆಗೆ ಕೈ ಹಾಕಿ ಕಸ ತೆಗೆಯುವ ಒಬ್ಬ ಅಣ್ಣ ಇದ್ದಾನೆ, ಅವನನ್ನು ನಾನು ದಿನಾ ನೋಡುತ್ತೇನೆ. ನನ್ನ ಲೆಕ್ಕದಲ್ಲಿ ಬೆರೆತಿದ್ದ ನೀರು ಅವನ ಪಾಲಿಗೆ ಬೆರೆತೇ ಇರಲಿಲ್ಲ.

ಮಿತಿಯ ಲೆಕ್ಕ ಹಿಂದಿನಿಂದ ಬರಬೇಕು, ಅತಿ ಜಾಸ್ತಿ ತಾಗುವ ಮನುಷ್ಯನಿಂದ. ಸಾರ್ವಜನಿಕರಿಗೆ ತಾಗುವ ವಿಕಿರಣ ವರ್ಷಕ್ಕೆ 1 ಮಿಲಿಸೀವರ್ಟ್ (ಮೈಗೆ ತಾಗುವ ವಿಕಿರಣದ ಅಳತೆ) ಮೀರಬಾರದು. ಅಷ್ಟನ್ನೂ ನಮ್ಮ ಆಸ್ಪತ್ರೆಯೇ ಬಳಸಿಕೊಂಡರೆ ಅದೇ ಮನುಷ್ಯನಿಗೆ ಇನ್ನೊಂದು ಕಡೆಯಿಂದ ಬರುವುದನ್ನು ಎಲ್ಲಿ ಸೇರಿಸುವುದು? ಅದಕ್ಕೇ ಇಂಥ ತ್ಯಾಜ್ಯದ ಒಂದು ಮೂಲಕ್ಕೆ 0.3 ದಾಟಬಾರದು ಎಂದು ವಿಕಿರಣ ರಕ್ಷಣೆಯ ಅಂತರರಾಷ್ಟ್ರೀಯ ಆಯೋಗ ಹೇಳುತ್ತದೆ. ಆವತ್ತು ಸಂಜೆ ಟೀ ಕುಡಿಯುತ್ತಾ ಆ ಹಿರಿಯರು ಇನ್ನೊಂದು ವಿಷಯ ಹೇಳಿದರು. ಇಂಗ್ಲೆಂಡಿನ ವಿಂಡ್‌ಸ್ಕೇಲ್ ಅಣುಸ್ಥಾವರ 1960ರ ದಶಕದಲ್ಲಿ ಸಮುದ್ರಕ್ಕೆ ಬಿಡುತ್ತಿದ್ದ ನೀರಿಗೆ ಮಿತಿ ಹಾಕುವಾಗ ಮುಖ್ಯವಾಗಿ ಲೆಕ್ಕಕ್ಕೆ ಹಿಡಿದಿದ್ದು ದೂರದ ಸೌತ್ ವೇಲ್ಸ್‌ನಲ್ಲಿ ಕಡಲಪಾಚಿ ತಿನ್ನುವವರನ್ನಂತೆ. ಆ ತೀರದ ಪಾಚಿ ಅಲ್ಲಿಗೆ ಹೋಗುತ್ತಿತ್ತು, ಅದರಲ್ಲಿ ವಿಕಿರಣ ಸೂಸುವ ರುಥೇನಿಯಂ-106 ಸೇರಿಕೊಳ್ಳುತ್ತಿತ್ತು. ನಾನು ಕಾಂಪೌಂಡ್ ಪಕ್ಕದ ಚೇಂಬರ್‌ವರೆಗೂ ಹೋಗಿರಲಿಲ್ಲ.

ವಾಲ್ವ್ ತೆಗೆಯಲಿಲ್ಲ. ಟ್ಯಾಂಕಿನಲ್ಲಿ ಜಾಗ ಇಲ್ಲದೆ ಹೊಸಬರಿಗೆ ಚಿಕಿತ್ಸೆ ಕೊಡುವಂತಿರಲಿಲ್ಲ. ಅದರ ಬೆಲೆ ತೆತ್ತವರು ಬೇರೆ. ಜಗಳೂರು ಕಡೆಯ ಅಮ್ಮ ಒಬ್ಬರು ಚಿಕಿತ್ಸೆಗೆಂದು ಆಗಲೇ ಮೂರು ವಾರದಿಂದ ಥೈರಾಯ್ಡ್ ಮಾತ್ರೆ ಬಿಟ್ಟಿದ್ದರು, ಮಾತ್ರೆ ನಿಲ್ಲಿಸಿದರೆ ಎದ್ದು ಓಡಾಡುವುದೂ ಕಷ್ಟ. ದಿನ ಮುಂದೆ ಹೋಗಿದೆ ಅಂತ ನಾನೇ ಫೋನ್ ಮಾಡಿದೆ. "ಆಗ್ಲಿ ಬಿಡಪ್ಪ" ಅಂದರು, ದನಿಯಲ್ಲಿ ಶಕ್ತಿಯೇ ಇರಲಿಲ್ಲ.

ಆಮೇಲೆ ಟ್ಯಾಂಕ್ ಯಾಕೆ ಅಷ್ಟು ಬೇಗ ತುಂಬಿತು ಎಂದು ಹುಡುಕಿದೆ. ಎರಡನೇ ರೂಮಿನ ಫ್ಲಶ್ ಟ್ಯಾಂಕ್ ಹಗಲೂ ರಾತ್ರಿ ಸೋರುತ್ತಿತ್ತು. ಒಂದು ವಾಷರ್ ಸವೆದಿತ್ತು, ಅಷ್ಟೇ. ಈಗ ಪ್ರತಿ ಸೋಮವಾರ ಬೆಳಿಗ್ಗೆ ಟ್ಯಾಂಕ್ ಮಟ್ಟ ಬರೆಯುವ ಮೊದಲು ಆ ಎರಡೂ ರೂಮಿನ ಫ್ಲಶ್‌ಗೆ ಕಿವಿ ಕೊಟ್ಟು ಬರುತ್ತೇನೆ.