ಇಎನ್8 ಶಾಫ್ಟಿಗೆ ಎಂಎಸ್ ತಟ್ಟೆ ಬೆಸೆಯುವ ಮುನ್ನ

ಪೀಣ್ಯದ ಫ್ಯಾಬ್ರಿಕೇಷನ್ ಘಟಕವೊಂದರಲ್ಲಿ ವೆಲ್ಡಿಂಗ್ ಮೇಲ್ವಿಚಾರಣೆ ನನ್ನ ಕೆಲಸ. ಕನ್ವೇಯರ್ ಡ್ರಮ್ಮುಗಳ ಡ್ರಾಯಿಂಗ್‌ಗಳಲ್ಲಿ ಶಾಫ್ಟಿಗೆ ಇಎನ್8 (ಮಧ್ಯಮ ಇಂಗಾಲದ ಉಕ್ಕು), ಅದಕ್ಕೆ ಬೆಸೆಯುವ ಪಕ್ಕದ ತಟ್ಟೆಗೆ ಭಾರತೀಯ ಮಾನಕ ಐಎಸ್ 2062ರ ಇ250 (ಎಂಎಸ್, ಅಂದರೆ ಕಡಿಮೆ ಇಂಗಾಲದ ಮೃದು ಉಕ್ಕು) ಎಂದು ಬರೆದಿರುವುದನ್ನು ಮತ್ತೆ ಮತ್ತೆ ನೋಡುತ್ತೇನೆ. ಶಾಫ್ಟ್ ಗಟ್ಟಿಯಾಗಿದ್ದಷ್ಟೂ ಒಳ್ಳೆಯದೆಂಬ ನಂಬಿಕೆ ಈ ಆಯ್ಕೆಯ ಹಿಂದಿದೆ. ಆದರೆ ಬೆಸೆಯುವ ಉಕ್ಕಿನಲ್ಲಿ ಮೊದಲು ನೋಡಬೇಕಾದದ್ದು ಇಂಗಾಲದ ಪ್ರಮಾಣ.

ದುರಸ್ತಿಗೆ ಬಂದ ಅಂಥದೊಂದು ಡ್ರಮ್ಮನ್ನು ಪರೀಕ್ಷಿಸಿದಾಗ ತಟ್ಟೆಯಲ್ಲೂ ಬೆಸುಗೆಯಲ್ಲೂ ಯಾವ ದೋಷವೂ ಸಿಗಲಿಲ್ಲ. ಬಿರುಕಿನೊಳಗೆ ಇಳಿಯುವ ಕೆಂಪು ದ್ರವವಾದ ಡೈ ಪೆನೆಟ್ರಂಟ್ ಹಚ್ಚಿ ಒರೆಸಿ, ಅದನ್ನು ಮೇಲೆಳೆದು ತೋರಿಸುವ ಡೆವಲಪರ್ ಸಿಂಪಡಿಸಿದ ಮೇಲೆ, ಬೆಸುಗೆಯ ಅಂಚಿಗೆ ತಾಗಿಕೊಂಡು ಶಾಫ್ಟಿನ ಮೈಯಲ್ಲಿ ಕೂದಲೆಳೆಯಷ್ಟು ತೆಳುವಾದ ಕೆಂಪು ಗೆರೆಯೊಂದು ಮೂಡಿತು. ಅಲ್ಲಿ ಅರ ಉಜ್ಜಿದರೆ ಕಚ್ಚದೆ ಜಾರುತ್ತಿತ್ತು. ಸ್ವಲ್ಪ ದೂರದಲ್ಲಿ ಅದೇ ಶಾಫ್ಟನ್ನು ಸಲೀಸಾಗಿ ಕೊರೆಯುತ್ತಿತ್ತು.

ಕಾರಣ ಲೆಕ್ಕದಲ್ಲೇ ಇದೆ. ಇಂಗಾಲದ ಶೇಕಡಾವಾರಿಗೆ ಮ್ಯಾಂಗನೀಸಿನ ಆರನೇ ಒಂದು ಭಾಗವನ್ನೂ, ಕ್ರೋಮಿಯಂ, ಮಾಲಿಬ್ಡಿನಂ, ವೆನೇಡಿಯಂಗಳ ಮೊತ್ತದ ಐದನೇ ಒಂದು ಭಾಗವನ್ನೂ, ನಿಕ್ಕಲ್ ಮತ್ತು ತಾಮ್ರದ ಮೊತ್ತದ ಹದಿನೈದನೇ ಒಂದು ಭಾಗವನ್ನೂ ಕೂಡಿಸಿದರೆ ಕಾರ್ಬನ್ ಈಕ್ವಿವಲೆಂಟ್, ಅಂದರೆ ಬೆಸೆದಾಗ ಉಕ್ಕು ಎಷ್ಟು ಗಡುಸಾಗಬಹುದೆಂದು ತೋರಿಸುವ ಅಂಕಿ ಸಿಗುತ್ತದೆ. 0.40 ಇಂಗಾಲ, 0.80 ಮ್ಯಾಂಗನೀಸ್ ಇರುವ ಇಎನ್8ಗೆ ಇದು 0.53 ದಾಟುತ್ತದೆ, ಇ250 ಎ ದರ್ಜೆಗೆ ಮಾನಕ ಹಾಕಿರುವ ಮಿತಿಯೇ 0.42. ದಪ್ಪ ಶಾಫ್ಟ್ ಬೆಸುಗೆಯ ಶಾಖವನ್ನು ಬೇಗ ಎಳೆದುಕೊಳ್ಳುವುದರಿಂದ ಪಕ್ಕದ ಉಕ್ಕು ಮಾರ್ಟೆನ್ಸೈಟ್ ಎಂಬ ಗಡುಸು ರೂಪಕ್ಕೆ ತಿರುಗಿ ಪೆಡಸಾಗುತ್ತದೆ. ಎಲೆಕ್ಟ್ರೋಡಿನ ತೇವದಿಂದ ಬಂದ ಹೈಡ್ರೋಜನ್ ಅಲ್ಲಿ ಸೇರಿ, ಎಲ್ಲವೂ ತಣ್ಣಗಾದ ಗಂಟೆಗಳ ನಂತರ ಬಿರುಕು ಬಿಡಿಸುತ್ತದೆ. ಆದ್ದರಿಂದಲೇ ಇಂಥ ಬೆಸುಗೆಯ ಪರೀಕ್ಷೆಯನ್ನು 48 ಗಂಟೆ ಕಾದು ಮಾಡಬೇಕೆಂದು ನಾನು ಪಟ್ಟು ಹಿಡಿಯುತ್ತೇನೆ.

ಇಎನ್8 ಬೇಕೇ ಬೇಕೆಂದಾದರೆ ಓವನ್ನಿನಲ್ಲಿ ಒಣಗಿಸಿದ, ಕಡಿಮೆ ಹೈಡ್ರೋಜನ್ ಬಿಡುವ ಇ7018 ಎಲೆಕ್ಟ್ರೋಡ್ ಬಳಸಿ, ಶಾಫ್ಟನ್ನು ಸುಮಾರು 200 ಡಿಗ್ರಿ ಸೆಲ್ಸಿಯಸ್‌ಗೆ ಮೊದಲೇ ಕಾಯಿಸಿ, ಬೆಸೆದ ಮೇಲೆ ಹೊದಿಸಿ ನಿಧಾನವಾಗಿ ಆರಲು ಬಿಡಬೇಕು. ಆದರೆ ಬಾಗುವಿಕೆ ಕಡಿಮೆಯಾಗಲೆಂದು ಮಾತ್ರ ಇಎನ್8 ಆರಿಸಿದ್ದರೆ ಆ ಆಯ್ಕೆಯಿಂದ ಲಾಭವಿಲ್ಲ. ಇಎನ್8 ಮತ್ತು ಕಡಿಮೆ ಇಂಗಾಲದ ಉಕ್ಕು, ಎರಡರ ಸ್ಥಿತಿಸ್ಥಾಪಕ ಗುಣಾಂಕ (ಬಾಗದಂತೆ ತಡೆಯುವ ಗುಣದ ಅಳತೆ) ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಬಾಗುವಿಕೆಯನ್ನು ತಗ್ಗಿಸುವುದು ಶಾಫ್ಟಿನ ವ್ಯಾಸ. ಅಂಥ ಕಡೆ ಸ್ವಲ್ಪ ದಪ್ಪನೆಯ, ಕಡಿಮೆ ಇಂಗಾಲದ ಇಎನ್3ಬಿ ಸಾಕೆಂದು ಡಿಸೈನ್ ವಿಭಾಗಕ್ಕೆ ಬರೆಯುತ್ತೇನೆ.

ಎಂಎಸ್‌ಗೆ 304 ಸ್ಟೇನ್‌ಲೆಸ್ ಬೆಸೆಯುವಾಗ ಪ್ರಶ್ನೆ ಫಿಲ್ಲರಿನದು, ಅಂದರೆ ಬೆಸುಗೆಯಲ್ಲಿ ಕರಗಿಸಿ ತುಂಬುವ ಲೋಹದ್ದು. 308ಎಲ್ ಹಾಕಿದರೆ ಕರಗಿದ ಎಂಎಸ್ ಬೆರೆತು ಕ್ರೋಮಿಯಂ, ನಿಕ್ಕಲ್ ತೆಳುವಾಗಿ ಬೆಸುಗೆಯೇ ಪೆಡಸಾಗಬಹುದು. ಇವೆರಡೂ ಹೆಚ್ಚಿರುವ 309ಎಲ್ ಆ ಬೆರಕೆಯನ್ನು ತಾಳಿಕೊಳ್ಳುತ್ತದೆ.

ಟೆಸ್ಟ್ ಸರ್ಟಿಫಿಕೇಟ್ ಇಲ್ಲದ ಸರಳನ್ನು ಗ್ರೈಂಡರಿಗೆ ಹಿಡಿದು ನೋಡುತ್ತೇವೆ. ಕಿಡಿಗಳು ತುದಿಯಲ್ಲಿ ಹೆಚ್ಚು ಕವಲೊಡೆದು ಸಿಡಿದರೆ ಇಂಗಾಲ ಜಾಸ್ತಿಯೆಂದು ಅದನ್ನು ಬದಿಗಿಟ್ಟು, ರಾಸಾಯನಿಕ ವಿಶ್ಲೇಷಣೆಗೆ ತುಂಡು ಕಳಿಸುತ್ತೇವೆ.